ಒಂದೇ ಕೈಯ ಕತ್ತರಿ

ನಾನು ಕತ್ತರಿ. ಉಗುರು, ಕೂದಲು ಕತ್ತರಿಸುವ ಚಿಲ್ಲರೆ ಕತ್ತರಿಯಲ್ಲ. ಬಟ್ಟೆ ಕತ್ತರಿಸುವ, ಕೈತುಂಬ ಭಾರದ ಉಕ್ಕಿನ ಕತ್ತರಿ. ಕುಲುಮೆಯಲ್ಲಿ ಕೆಂಪಗೆ ಕಾದು, ಸುತ್ತಿಗೆಯ ಪೆಟ್ಟು ತಿಂದು, ಸಾಣೆಗೆ ಮೈಯೊಡ್ಡಿ ಹುಟ್ಟಿದೆ. ಅಷ್ಟೆಲ್ಲ ಪಟ್ಟಿದ್ದು ದುಡಿಯಲಿಕ್ಕೆ, ಒಬ್ಬಳ ಚೀಲದೊಳಗೆ ಸೆರೆಯಾಗಿ ಕೂರಲಿಕ್ಕಲ್ಲ. ನನಗೆ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಗದಗಿನ ನಾಮದೇವಪ್ಪ ಮಾಸ್ತರ ನನ್ನನ್ನು ಕೊಂಡ. ಅವನ ಹೊಲಿಗೆ ಅಂಗಡಿಯಲ್ಲಿ ನಾಲ್ಕೈದು ಹೆಂಗಸರು ಕೆಲಸಕ್ಕಿದ್ದರು. ಅವರೊಳಗೆ ದಾಕ್ಷಾಯಣಿಯ ಕೈ ಬಲು ಚೊಕ್ಕ, ಇಲ್ಲವೆನ್ನುವುದಿಲ್ಲ. ಕಣ್ಣು ಮಂಜಾದ ಮೇಲೆ ಮಾಸ್ತರ ನನ್ನನ್ನೂ ಅಂಗಡಿಯನ್ನೂ ಅವಳಿಗೆ ಒಪ್ಪಿಸಿ ಮಗಳ ಊರಿಗೆ ಹೋದ. ಅಲ್ಲಿಗೆ ಶುರುವಾಯಿತು ನೋಡಿ ನನ್ನ ಗ್ರಹಚಾರ!

ನಿನ್ನೆಯವರೆಗೆ ಜೊತೆಗೆ ಕೂತು ಹೊಲಿಯುತ್ತಿದ್ದವಳು ಯಜಮಾನಿಯಾದಳು, ಆದರೆ ಮೊದಲು ಮಾಡುತ್ತಿದ್ದ ಕೆಲಸ ಒಂದನ್ನೂ ಬಿಡಲಿಲ್ಲ. ಅಳತೆ ಅವಳೇ, ಕತ್ತರಿಸುವುದು ಅವಳೇ, ಇಸ್ತ್ರಿಯೂ ಅವಳೇ. ಸಂಜೆ ನನ್ನನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದಳು. ಅಂಗಡಿಯಲ್ಲಿ ಬಿಟ್ಟರೆ ಯಾರಾದರೂ ಮುಟ್ಟಿಯಾರು ಎಂಬ ಭಯ! ಕೆಲಸದ ಹೆಂಗಸರಲ್ಲೊಬ್ಬಳಾದ ಮೆಹಬೂಬಿ ಒಮ್ಮೆ ನನ್ನತ್ತ ಕೈ ಚಾಚಿದ್ದಕ್ಕೆ ದಾಕ್ಷಾಯಣಿ ಅಂಗಡಿ ಹಾರಿಹೋಗುವಂತೆ ಕೂಗಿದಳು.

“ಏ, ಮುಟ್ಟಬ್ಯಾಡ! ನೀ ಹುಕ್ಕ ಹಚ್ಚು, ಸಾಕು. ಕತ್ತರಸೋದು ನನಗ ಬಿಡು.”

ಮೆಹಬೂಬಿ ಅಲ್ಲಿ ವರ್ಷಾನುಗಟ್ಟಲೆ ಹೊಲಿದವಳು. ಅವಳಿಗೆ ಹುಕ್ಕು ಹಚ್ಚುವ ಕೆಲಸ! ದಾಕ್ಷಾಯಣಿ ಎದುರಿಗೆ ಬಟ್ಟೆಯ ಗುಡ್ಡೆ ಬೆಳೆಯುತ್ತಿತ್ತು, ಅವಳ ಮಣಿಕಟ್ಟು ಬಾತುಕೊಳ್ಳುತ್ತಿತ್ತು, ಉಳಿದವರು ಬಟ್ಟೆ ಯಾವಾಗ ಬಂದೀತು ಎಂದು ಕಾಯುತ್ತ ಕೂರುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಒಂದು ಮದುವೆ ಮನೆಯ ಕೆಲಸ ಬಂತು. ಮದುಮಗಳು, ಅವಳ ಅಕ್ಕತಂಗಿಯರು, ಚಿಗವ್ವಂದಿರು, ಎಲ್ಲರ ಬ್ಲೌಸೂ ಇಲ್ಲೇ. ದೊಡ್ಡ ಮನೆಯ ಕೆಲಸವೆಂದು ದಾಕ್ಷಾಯಣಿಯ ಅಪನಂಬಿಕೆ ಇಮ್ಮಡಿಯಾಯಿತು. ಆ ಅಂಗಡಿಯ ಪದ್ಧತಿ ಸರಳ: ಕತ್ತರಿಸುವವರು ಹೊಲಿಗೆಗೆಂದು ಅರ್ಧ ಇಂಚು ಬಟ್ಟೆ ಬಿಡಬೇಕು, ಹೊಲಿಯುವವರು ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿಯಬೇಕು. ಈಕೆ ಏನು ಮಾಡಿದಳು ಗೊತ್ತೇ? ಆ ಅರ್ಧ ಇಂಚು ಸೇರಿಸಿಯೇ ಸೀಮೆಸುಣ್ಣದ ಗೆರೆ ಎಳೆದಳು, ಆಮೇಲೆ ನನ್ನನ್ನು ಗೆರೆಯ ಆಚೆ ನಡೆಸಿದಳು! ಹೊಲಿಗೆ ಸೊಟ್ಟ ಹೋದರೆ ಬಿಚ್ಚಿ ಹೊಲಿಯಲು ಇರಲಿ ಎಂದು ಒಂದಿಷ್ಟು ಹೆಚ್ಚಿಗೆ ಬಟ್ಟೆ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಗೆರೆ ಇಲ್ಲಿದೆಯಲ್ಲೇ ತಾಯಿ ಎಂದು ನಾನು ಕರಕರ ಅಂದೆ. ಕೇಳುವವರು ಯಾರು?

ಕೆಲಸದ ರಾಶಿ ನೋಡಿ ಮೆಹಬೂಬಿಯನ್ನೂ ಮಷೀನಿಗೆ ಕೂರಿಸಿದ್ದಳು; ಹೆಂಗಸರೆಲ್ಲ ಪದ್ಧತಿಯಂತೆ ಹೊಲಿದರು. ತೊಟ್ಟು ನೋಡಲು ಬಂದವರ ಮೈಮೇಲೆ ಬ್ಲೌಸುಗಳೆಲ್ಲ ಜೋಲುಬಿದ್ದವು. ಮದುಮಗಳ ತಾಯಿ ಮುಖ ಗಂಟಿಕ್ಕಿಕೊಂಡು ಹೋದರು. ದಾಕ್ಷಾಯಣಿ ಮೆಹಬೂಬಿಯ ಮೇಲೆ ಹರಿಹಾಯ್ದಳು.

“ಇಷ್ಟು ವರ್ಷ ಹೊಲದು ಇದನ್ನ ಕಲ್ತಿ ಏನ?”

ಮೆಹಬೂಬಿ ಒಂದು ಬ್ಲೌಸನ್ನು ತಿರುವಿ, ಟೇಪು ಹಿಡಿದು ತೋರಿಸಿದಳು. “ಅಕ್ಕಾರ, ಅಂಚಿನಿಂದ ಅರ್ಧ ಇಂಚು ಒಳಗ ಹೊಲದೀನ್ರಿ. ನೀವ ಜಾಸ್ತಿ ಬಿಟ್ಟೀರಿ.”

“ನಿಮ್ಮ ಹೊಲಿಗಿ ಸೊಟ್ಟ ಹೋದ್ರ ಇರ್ಲಿ ಅಂತ ಬಿಟ್ಟಿದ್ದೆ” ಎಂಬ ಮಾತು ದಾಕ್ಷಾಯಣಿಯ ಬಾಯಿಂದ ಜಾರಿತು.

ಮಷೀನುಗಳೆಲ್ಲ ನಿಂತವು. ಮೆಹಬೂಬಿ ನಿಧಾನವಾಗಿ ಹೇಳಿದಳು. “ನಾವು ನಿಮ್ಮ ಕಟಿಂಗ್ ನಂಬಿ ಕಣ್ಣಮುಚ್ಚಿ ಹೊಲದ್ವಿ. ನೀವು ನಮ್ಮನ್ನ ನಂಬ್ಲಿಲ್ಲ. ಈ ಮದುವಿ ಕೆಲಸ ಮುಗಿಸಿ ನಾ ಬಿಡ್ತೀನ್ರಿ ಅಕ್ಕಾರ.”

ಭಲೇ! ನನಗೆ ನಾಲಿಗೆಯಿದ್ದಿದ್ದರೆ ಅದನ್ನೇ ಹೇಳುತ್ತಿದ್ದೆ.

ಹೊಲಿದ ಬ್ಲೌಸುಗಳನ್ನು ಬಿಚ್ಚಿ ಸರಿಮಾಡಬಹುದಿತ್ತು. ಮದುಮಗಳ ರೇಷ್ಮೆ ಬ್ಲೌಸ್ ಮಾತ್ರ ಇನ್ನೂ ಕತ್ತರಿಸಿರಲಿಲ್ಲ. ಸೀರೆಯ ಜೊತೆಗೇ ನೇಯ್ದ ತುಂಡು; ಕೆಟ್ಟರೆ ಅಂಥದು ಇನ್ನೊಂದು ಸಿಗುವುದಿಲ್ಲ. ಮರುದಿನ ದಾಕ್ಷಾಯಣಿ ನನ್ನನ್ನು ಎತ್ತಿಕೊಂಡಳು. ಬಾತ ಮಣಿಕಟ್ಟು ಮಾತು ಕೇಳಲಿಲ್ಲ, ನಾನು ಮೇಜಿನ ಮೇಲೆ ಬಿದ್ದೆ. ಎರಡನೆಯ ಸಲವೂ ಬಿದ್ದೆ. ಅವಳ ಕಣ್ಣಲ್ಲಿ ನೀರಾಡಿತು. ಕೊನೆಗೆ ನನ್ನ ಹಿಡಿಯನ್ನು ಮೆಹಬೂಬಿಯ ಕಡೆ ತಿರುಗಿಸಿ ಇಟ್ಟಳು. ಆದರೆ ಇಟ್ಟು ಸುಮ್ಮನಾದಳೇ? ಬೆನ್ನಿಗೆ ಅಂಟಿಕೊಂಡು ನಿಂತಳು. “ಹುಷಾರ... ಅಲ್ಲಿ ಹುಷಾರ...”

“ಅಕ್ಕಾರ, ನೀವು ಹಿಂಗ ನೆತ್ತಿ ಮ್ಯಾಲ ನಿಂತ್ರ ನನ್ನ ಕೈ ನಡಗತಾವ. ಹೊರಗ ಹೋಗ್ರಿ.”

ಹೋದಳು! ಬೀದಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತಳು. ಮೆಹಬೂಬಿ ನನ್ನನ್ನು ಗೆರೆಗುಂಟ ನಡೆಸಿದಳು. ಆ ಕೈಯಲ್ಲಿ ನಾನು ಎಷ್ಟು ಹಗುರಾಗಿದ್ದೆ ಎಂದು ನೆನೆದರೆ ಈಗಲೂ ಸುಖವಾಗುತ್ತದೆ.

ಸಂಜೆ ಮದುಮಗಳ ತಾಯಿ ಮಗಳೊಂದಿಗೆ ಬಂದರು; ಹುಡುಗಿ ಬ್ಲೌಸ್ ತೊಡಲು ಪರದೆಯ ಹಿಂದೆ ಹೋದಾಗ ಕೇಳಿದರು. “ಇದನ್ನರ ನೀವ ಕತ್ತರಿಸೀರಿ ಹೌದಲ್ರೀ?”

“ಇಲ್ರಿ. ಮೆಹಬೂಬಿ ಕತ್ತರಿಸ್ಯಾಳ. ತಪ್ಪಾಗಿದ್ರ ನನ್ನ ಕೇಳ್ರಿ, ಆಕಿನ್ನಲ್ಲ” ಎಂದಳು ದಾಕ್ಷಾಯಣಿ. ಮದುಮಗಳು ಇನ್ನೂ ಪರದೆಯ ಹಿಂದಿದ್ದಳು. ಬ್ಲೌಸ್ ಹೇಗೆ ಕೂತಿದೆಯೆಂದು ಯಾರೂ ನೋಡಿರಲಿಲ್ಲ.

ಹುಡುಗಿ ಹೊರಗೆ ಬಂದಳು. ಚೆನ್ನಾಗಿ ಕೂತಿತ್ತು, ಎಡತೋಳು ಮಾತ್ರ ಒಂಚೂರು ಬಿಗಿ. ದಾಕ್ಷಾಯಣಿಯ ಕೈ ಚಟದಿಂದ ನನ್ನ ಕಡೆ ಬಂತು, ನಡುವೆಯೇ ನಿಂತಿತು. ಅವಳು ಮೆಹಬೂಬಿಯತ್ತ ತಿರುಗಿದಳು. “ಏನ್ ಮಾಡೂಣು, ನೀ ಹೇಳು.”

ಮೆಹಬೂಬಿ ಒಂದು ಹೊಲಿಗೆ ಬಿಚ್ಚಿ ತೋಳು ಸಡಿಲಿಸಿದಳು. ಅಂಗಡಿಯನ್ನು ಅವಳು ಬಿಡಲಿಲ್ಲ.

ಈಗ ನನ್ನ ಹರಿತ ಹೋಗಿದೆ, ತಿರುಪು ಸಡಿಲಾಗಿದೆ. ಕಿಟಕಿಯ ಮೂಲೆಯಲ್ಲಿ ಬಿದ್ದಿದ್ದೇನೆ. ಅಂಗಡಿಯಲ್ಲಿ ಈಗ ಎಲ್ಲರಿಗೂ ಒಂದೊಂದು ಹೊಸ ಕತ್ತರಿ. ದಾಕ್ಷಾಯಣಿ ವಾರಗಟ್ಟಲೆ ಊರಿಗೆ ಹೋಗಿ ಬರುತ್ತಾಳೆ, ಅಂಗಡಿ ನಡೆಯುತ್ತದೆ. ದೊಡ್ಡ ಮನಸ್ಸಿನ ಯಜಮಾನಿ ಎಂದು ಜನ ಹೊಗಳುತ್ತಾರೆ. ಹೊಗಳಲಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಬಟ್ಟೆ ಕತ್ತರಿಸಬಲ್ಲ ಆ ಕೈಗಳು ಹುಕ್ಕು ಹಚ್ಚುತ್ತ ಸವೆಸಿದ ವರ್ಷಗಳನ್ನು ಮೆಹಬೂಬಿಗೆ ಯಾರು ತಂದುಕೊಡುತ್ತಾರೆ?