ಅವ್ವನ ಹಣಿ

ಅವ್ವನ ಹಣಿಗೆ ಬೈರಿಗಿ ಹಚ್ಚಿ ತೂತು ಕೊರದಾಕಿ ನಾನ. ಯಾರ ಕೇಳಿದ್ರೂ ಹೇಳ್ತೀನಿ, ಅಂಜೋದೇನೈತಿ? ಕೊರದಿದ್ದು ಸಾಗವಾನಿ ಹಲಗಿ ಮ್ಯಾಲ, ಅವ್ವ ಸತ್ತು ವರ್ಷ ತುಂಬಾಕ ಬಂದಾಗ. ಆದ್ರ ನಮ್ಮ ಮನ್ಯಾಗ ಎದ್ದ ರಾದ್ಧಾಂತ ಕೇಳಿದ್ರ, ನಾನು ಜೀವ ಇದ್ದ ಅವ್ವನ್ನ ಕೊಂದೀನೇನೋ ಅನ್ನಬೇಕು, ಹಂಗ ಕೂಗಾಡಿದ್ರು.

ನಮ್ಮಣ್ಣ ಕೊಟ್ಟೂರಪ್ಪಂದು ಕೌಲ್ ಬಜಾರದಾಗ ಫೋಟೋಕ್ಕ ಕಟ್ಟು ಹಾಕೋ ಅಂಗಡಿ. ಗಂಡ ಸತ್ತ ಮ್ಯಾಲ ನಾನೂ ಅಲ್ಲೇ ಬಂದು ಬಿದ್ದೆ. ಬಿದ್ದೆ ಅಂದ್ರ ದಂಡಕ್ಕ ಕೂಳು ತಿಂದಿಲ್ಲ ಮತ್ತ. ಅಂಗಡಿ ಹಿಂದ ಹೊಲಿಗಿ ಮಶಿನ್ನಿನಂಗ ಕಾಲಾಗ ತುಳಿಯೋ ಗರಗಸ ಇತ್ತು, ನೂಲಿನಷ್ಟು ಸಣ್ಣ ಅಲಗಿಂದು. ಅಣ್ಣ ತುಳದ್ರ ಅಲಗು ಪಟ್ ಅಂತ ಮುರೀತಿತ್ತು. ಅವನ ಕಾಲಾಗ ತಾಳ್ಮಿ ಇಲ್ಲ, ಬಾಯಾಗಂತೂ ಮೊದಲ ಇಲ್ಲ. ನಾನು ಕುಂತು ಕಲ್ತೆ. ಮಂದಿ ಮನಿ ದೇವರ ಜಗಲಿಗೆ ಬಳ್ಳಿ, ನವಿಲು, ನಂದಿ ಎಲ್ಲಾ ಕೊರದೆ. ಮನುಷ್ಯಾರ ಮುಖ ಮಾತ್ರ ಮುಟ್ಟಿದ್ದಿಲ್ಲ. ಬಳ್ಳಿ ಒಂಚೂರು ಸೊಟ್ಟಾದ್ರೂ ಬಳ್ಳೀನ. ಮೂಗು ಸೊಟ್ಟಾದ್ರ ಅದು ಮತ್ಯಾರದೋ ಮೂಗು.

"ಅವ್ವಂದು ನೀನ ಕೊರಿ," ಅಂದ ಅಣ್ಣ. "ಕುರುಗೋಡಿನ ಮನ್ಯಾಗ ವರ್ಷದ ಪೂಜಿ ಐತಿ. ಸಿರುಗುಪ್ಪದಿಂದ ದೊಡ್ಡಪ್ಪ ಬರ್ತಾನ. ಚೊಲೋ ಆಗಬೇಕು ನೋಡು."

ಅವ್ವಂದು ಅಂತ ಇದ್ದದ್ದು ಒಂದ ಫೋಟೋ, ಅಪ್ಪ ಇದ್ದಾಗ ತೆಗಿಸಿದ್ದು. ಹಣಿತುಂಬ ಕುಂಕುಮ, ರೂಪಾಯಿ ಅಗಲ. ಆಮ್ಯಾಲ ಅಪ್ಪ ಹೋದ. ಹೆಣ ಇನ್ನೂ ಕುರುಗೋಡಿನ ಮನಿ ಅಂಗಳದಾಗ ಇರೋವಾಗ್ಲೇ ಈ ದೊಡ್ಡಪ್ಪ ಉಜ್ಜಿನಪ್ಪ "ಒರಸ್ರಿ" ಅಂದ. ದೊಡ್ಡವ್ವ ಒದ್ದಿ ಸೆರಗು ತಗೊಂಡು ಅವ್ವನ ಹಣಿ ತಿಕ್ಕಿದ್ಲು, ತೊಗಲು ಕೆಂಪಾಗೋತನ ತಿಕ್ಕಿದ್ಲು. ಅಣ್ಣ ಆಗ ಮೀಸಿ ಮೂಡಿದಾಂವ. ಕಂಬ ಹಿಡಕೊಂಡು ಸುಮ್ಮನ ನಿಂತಿದ್ದ. ಅವ್ವ ಅವನ ಕಡೀನ ನೋಡ್ತಿದ್ಲು. ನಾನು ಸಣ್ಣಾಕಿ, ಆದ್ರ ಆ ನೋಟ ನನಗ ಇನ್ನೂ ಮರ್ತಿಲ್ಲ.

ಕಡೀಕ ಹಾಸಿಗಿ ಹಿಡದಾಗ ಅವ್ವ ಆ ಫೋಟೋ ಎದಿ ಮ್ಯಾಲ ಇಟ್ಟುಕೊಂಡು ಮಲಗತಿದ್ಲು. "ಸುವರ್ಣಾ, ಸತ್ತ ಮ್ಯಾಲರ ಈ ಹಣಿ ಗ್ವಾಡಿ ಮ್ಯಾಲ ಇರ್ಲವ್ವಾ. ಬೋಳು ಹಣಿ ನೋಡಿ ನೋಡಿ ಸಾಕಾಗೇತಿ," ಅಂದ್ಲು. ಜೀವಮಾನದಾಗ ಆಕಿ ನನ್ನ ಕೇಳಿದ್ದು ಅದೊಂದ. ಹೂಂ ಅಂದಿದ್ದೆ.

ಫೋಟೋ ನೋಡಿ ಕಾಗದದ ಮ್ಯಾಲ ಮುಖ ಬರಕೊಂಡು ಹಲಗಿಗೆ ಅಂಟಿಸಿದೆ. ಕೂದಲ, ಹುಬ್ಬು, ಕಣ್ಣಗುಡ್ಡಿ ಕೊರದು ತೆಗಿಯೋದು, ಹಿಂದ ಕರೇ ಮಖಮಲ್ಲು ಹಚ್ಚೋದು. ಕುಂಕುಮದ ತೂತಿನ ಹಿಂದ ಮಾತ್ರ ಒಂದು ಕೆಂಪು ತುಂಡು. ಅಣ್ಣ ಬಂದು ನೋಡಿದ. ಪೆನ್ಸಿಲ್ ತಗೊಂಡು ಹಣಿ ಮ್ಯಾಲಿನ ಗುಂಡು ಬೊಟ್ಟಿಗೆ ಕಾಟು ಹೊಡದ.

"ಇದನ್ನ ಕೊರೀಬ್ಯಾಡ."

"ಯಾಕ?"

"ಯಾಕ ಅಂತ ಕೇಳ್ತಿಯಲ್ಲಬೇ! ಗಂಡ ಸತ್ತಾಕಿಗೆ ಕುಂಕುಮ ಎಲ್ಲಿಂದು? ದೊಡ್ಡಪ್ಪ ನೋಡಿದ್ರ ಪಂಕ್ತಿಯಿಂದ ಎದ್ದು ಹೋಗ್ತಾನ."

"ಅವ್ವ ಕೇಳ್ಯಾಳ, ಅಣ್ಣಾ."

"ಇವತ್ತು ಅವ್ವ ಕೇಳ್ಯಾಳ, ನಾಳೆ ನೀನೂ ಕೇಳ್ತಿ," ಅಂತ ನನ್ನ ಬೋಳು ಹಣಿ ನೋಡಿ ನಕ್ಕ.

ಮನಸಿನ್ಯಾಗ ಬೈಕೊಂಡೆ. ನಗ್ತಿಯೇನೋ ಭಾಡ್ಯಾ, ನಗು.

ಈ ಕೆಲಸದಾಗ ಒಳಗಿನ ತೂತು ಮೊದಲು, ಹೊರಗಿನ ಗೆರಿ ಕಡೀಕ. ಬೈರಿಗಿಲೆ ತೂತು ಹಾಕಿ, ಅಲಗು ಬಿಚ್ಚಿ, ಅದರಾಗ ತೂರಿಸಿ, ಮತ್ತ ಬಿಗದು ತುಳೀಬೇಕು. ಅಣ್ಣ ಅತ್ಲಾಗ ಹೋಗಿದ್ದ ತಡ, ಕಣ್ಣು ಮೂಗು ಆಮ್ಯಾಲ ಅಂತ ಬಿಟ್ಟು, ಮೊದಲು ಹಣೀನ ಕೊರದೆ. ಒಮ್ಮೆ ಹೋದ ಕಟ್ಟಿಗಿ ತಿರುಗಿ ಬರಾಂಗಿಲ್ಲ, ಏನ್ ಮಾಡ್ತಿ ಮಾಡ್ಕೋ ಅಂತ. ಆಮ್ಯಾಲ ಕಣ್ಣಿಗೆ ಬಂದೆ. ಕಣ್ಣಿನ ಬಿಳಿ ಕಳಚಿ ಬೀಳಬಾರದಂತ ಕಡ್ಡಿಯಷ್ಟು ಕಟ್ಟಿಗಿ ಉಳಿಸಿಕೋತ ಉಸರು ಹಿಡದು ತುಳದೆ. ಸಿಟ್ಟು ಇತ್ತು, ಆದ್ರ ಒಂದೂ ಅಲಗು ಮುರೀಲಿಲ್ಲ. ಸಂಜಿಗೆ ಕಾಗದ ಕೆರದು ತೆಗದ್ರ ಅವ್ವ ನನ್ನ ನೋಡಾಕತ್ತಿದ್ಲು. ಮೂಗು ಆಕೀದ. ತುಟಿ ಬಿಗಿ ಹಿಡಿಯೋದೂ ಆಕೀದ. ಅಲ್ಲೇ ಗರಗಸದ ಮುಂದ ಕುಂತು ಅತ್ತುಬಿಟ್ಟೆ.

ಮರುದಿನ ಅಣ್ಣ ಅವ್ವನ ಚಿತ್ರಕ್ಕಂತಲೇ ಬೀಟಿ ಕಟ್ಟಿಗಿ ಕಟ್ಟು ಕೊಯ್ಯಾಕತ್ತಿದ್ದ. ಹಲಗಿ ಎತ್ತಿ ನೋಡಿದ. ಹಣಿ ಮ್ಯಾಲಿನ ತೂತು ಕಣ್ಣಿಗೆ ಬಿತ್ತು. ಕಾಲ ಬುಡಕ ಬಿದ್ದ ಪುಡಿ ಗೋರಿಕೊಂಡ, ಸರೇಸಿನ ಅಂಟಿನಾಗ ಕಲಸಿದ, ಹೆಬ್ಬೆರಳಿಲೆ ಅವ್ವನ ಹಣ್ಯಾಗ ಒತ್ತಿ ಒತ್ತಿ ತುಂಬಿದ.

"ಈಗ ಹೆಂಗ?" ಅಂದ.

"ನಿನ್ನ ಕೈ ಸೇದಿ ಹೋಗಲಿ!" ಅಂತ ಚೀರಿದೆ. ಪಕ್ಕದ ಅಂಗಡಿಯವರು ಬಂದು ಇಣುಕಿದ್ರು. ಅಣ್ಣ ಚಿತ್ರ ಅರಿವ್ಯಾಗ ಸುತ್ತಿಟ್ಟ, ಪಾಲೀಸು ಊರಾಗ ತಾನ ಹಚ್ಚತೀನಿ ಅಂದ. ನನಗ ಮುಟ್ಟಾಕ ಕೊಡಲಿಲ್ಲ. ಬಸ್ಸಿನಾಗ ಕುರುಗೋಡು ಬರೋತನ ನಾನು ಅವನ ಮುಖ ನೋಡಲಿಲ್ಲ.

ಪೂಜಿ ದಿನ ಮುಂಜಾನಿ ಅಂಗಳದಾಗ ಮಂದಿ ಕುಂತಿದ್ರು. ಅಯ್ಯನೋರು ಬಂದಿದ್ರು. ದೊಡ್ಡಪ್ಪ ನಡುವ ಲೋಡಿಗೆ ಒರಗಿದ್ದ. ಅಣ್ಣ ಎಲ್ಲಾರ ಮುಂದ ಹಲಗಿ ಬಿಚ್ಚಿದ, ಅರಿವಿ ಪಾಲೀಸಿನಾಗ ಅದ್ದಿ ಗದ್ದದಿಂದ ಎಳಕೋತ ಬಂದ. ಗಲ್ಲ ಬಂಗಾರದಂಗ ಹೊಳದ್ವು. ಹಣಿಗೆ ಬಂದ. ಒದ್ದಿ ಅರಿವಿ ತಾಕಿದ್ದ ತಡ, ತುಂಬಿದ ಜಾಗ ಕಪ್ಪಾತು, ಕಪ್ಪಿನಾಗ ಕೆಂಪು ಎದ್ದು ಬಂತು. ಅಣ್ಣ ಒರಸಿದ. ಒರಸಿದಷ್ಟೂ ಕೆಂಪಾತು.

ಸಾಗವಾನಿ ತೂತಿಗೆ ಸಾಗವಾನಿ ಪುಡೀನ ತುಂಬಬೇಕು, ಇಲ್ಲಾಂದ್ರ ಪಾಲೀಸಿಗೆ ಬಣ್ಣ ಒಡೀತೈತಿ. ಇದು ಮೊನ್ನೆ ಮೊನ್ನೆ ಉಳಿ ಹಿಡದಾಂವಗೂ ಗೊತ್ತು. ಆದ್ರ ಸಿಟ್ಟು ನೆತ್ತಿಗೇರಿದಾಂವಗ ಸಾಗವಾನಿ ಯಾವುದು, ಬೀಟಿ ಯಾವುದು! ತುಂಬಿದ್ದು ಬೀಟಿ ಪುಡಿ, ಒದ್ದಿಯಾದ್ರ ಕೆಂಪು ಬಿಡೋದು. ಹಣಿತುಂಬ ಕುಂಕುಮ, ರೂಪಾಯಿ ಅಗಲ, ಅವನ ಹೆಬ್ಬೆರಳಿಲೆ ಇಟ್ಟದ್ದು.

"ಏನಲೇ ಇದು ಕೊಟ್ಟೂರಾ?" ದೊಡ್ಡಪ್ಪ ಎದ್ದು ಕುಂತ. "ಅನಿಷ್ಟ! ಕೆರದು ತೆಗೀಲೇ ಅದನ್ನ." ಅವತ್ತು "ಒರಸ್ರಿ" ಅಂದಾಗಿನ ದನೀನ ಅದು, ಒಂಚೂರೂ ಬದಲಾಗಿದ್ದಿಲ್ಲ.

ಅಣ್ಣ ಚೀಲದಾಗಿನ ಉಳಿ ತಗೊಂಡ. ಚಿತ್ರ ತೊಡಿ ಮ್ಯಾಲ ಇಟ್ಟುಕೊಂಡು ಉಳಿ ಬಾಯಿ ಅವ್ವನ ಹಣಿಗೆ ಹಚ್ಚಿದ. ನಾನು ಮಂದಿ ದಾಟಿ ಹೋಗಿ ಅವನ ಎದುರಿಗೆ ಕುಂತೆ.

"ಕೆತ್ತಣ್ಣ, ಕೆತ್ತು. ಅವ್ವನ ಮುಖ ನೋಡಕೋತ ಕೆತ್ತು. ಇಲ್ಲಾಂದ್ರ ಅವತ್ತು ಆಕಿ ಹಣಿ ತಿಕ್ಕೋವಾಗ ಕಂಬ ಹಿಡಕೊಂಡು ಸುಮ್ಮನ ನಿಂತಿದ್ದೆಲ್ಲ, ಇವತ್ತೂ ಹಂಗ ಸುಮ್ಮನ ನಿಂದ್ರು. ನಿನ್ನ ಕೇಳೋದು ಇಷ್ಟ."

ಅಣ್ಣ ಅವ್ವನ ಮುಖ ನೋಡಿದ. ಉಳಿ ಕೆಳಗ ಇಟ್ಟ.

"ಹಂಗಾರ ನನಗ ಈ ಮನ್ಯಾಗ ಊಟ ಬ್ಯಾಡ," ಅಂದ ದೊಡ್ಡಪ್ಪ.

"ಹೋಗ್ರಿ ದೊಡ್ಡಪ್ಪ," ಅಂದೆ. "ಸಿರುಗುಪ್ಪದ ಬಸ್ಸು ಇನ್ನೇನು ಬರೋ ಹೊತ್ತು. ಅಡ್ಡ ಯಾರೂ ನಿಂತಿಲ್ಲ."

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ನಾನು ಅವ್ವನ್ನ ಎತ್ತಿಕೊಂಡು ಹೋಗಿ ಪಡಸಾಲಿ ಗ್ವಾಡಿಗೆ ನೇತುಹಾಕಿದೆ. ತಿರುಗಿ ನೋಡಿದ್ರ ಅಣ್ಣ ಅದ ಕಂಬ ಹಿಡಕೊಂಡು ನಿಂತಿದ್ದ. ಅವ್ವ ಅವನ ಕಡೀನ ನೋಡ್ತಿದ್ಲು.