ಮಾನ್ವಿಯ ಲೆಕ್ಕಕ್ಕೆ ಒಂದೇ ಮನೆ

ಅಕ್ಕಿ ಅಳೆಯುವ ಸ್ಟೀಲಿನ ಪಾವು ಇವತ್ತು ಎಷ್ಟು ಹೊಳೆಯುತ್ತಿದೆ, ಕಿಟಕಿಯ ಬಿಸಿಲಿಗೆ ಎದುರಾಗಿ ಮೇಜಿನ ಮೇಲೆ ಕೂತು, ಅದರ ಬೆಳಕಿನ ಚೂರೊಂದು ಸಾವ್ಕಾರ ಮಹಾಂತಯ್ಯನವರ ಹಣೆಯ ವಿಭೂತಿಯ ಮೇಲೆ ಕುಣಿಯುತ್ತಿದೆ, ಗಿರಣಿಯ ಮಾರಾಟದ ಲೆಕ್ಕ ನೋಡುವ ತಹಸೀನಳಿಗೆ ನಗು ಬಂತು, ನಗಬಾರದು, ಇವತ್ತು ನಗುವ ದಿನವೇ ಅಲ್ಲ — ಕೆಳಗೆ ಅಕ್ಕಿ ಗಿರಣಿ ಗುಡುಗುತ್ತಿದೆ, ಕಾಲಡಿ ನೆಲ ಸಣ್ಣಗೆ ನಡುಗುತ್ತಿದೆ, ಸಾವ್ಕಾರರ ತಂಗಿಯ ಮಗ ಚನ್ನವೀರ ಗೋಡೆಯ ಪರದೆಯ ಮುಂದೆ ನಿಂತು ಒಂದೇ ಸಮನೆ ಹೇಳುತ್ತಿದ್ದಾನೆ, ನೋಡ್ರಿ ಮಾವಾ, ಪುಕ್ಕಟೆ ಪಾವು ಇಟ್ಟ ಚೀಲ ಒಯ್ದವರೊಳಗ ನೂರಕ್ಕ ಐವತ್ತಾರು ಮಂದಿ ಎರಡನೇ ಸಲಾನೂ ನಮ್ಮ ಅಕ್ಕೀನ ತಗೊಂಡಾರ, ಪಾವು ಇಲ್ಲದವರೊಳಗ ಬರೇ ನಲವತ್ತು, ಇನ್ನೇನ್ ಬೇಕ್ರಿ, ಲಕ್ಷ ಪಾವಿಗೆ ಇವತ್ತ ಆರ್ಡರ್ ಕೊಟ್ಟುಬಿಡೂಣು. ಐವತ್ತಾರು. ಆ ಐವತ್ತಾರು ಪೊಳ್ಳು ಎಂದು ಈ ಕೋಣೆಯಲ್ಲಿ ಗೊತ್ತಿರುವುದು ಅವಳೊಬ್ಬಳಿಗೆ, ಅದೂ ನಿನ್ನೆಯಿಂದ, ಹೇಳಬೇಕಾದವಳೂ ಅವಳೇ, ಹೇಳಿದರೆ ಅವಳದೇ ಗೆಲುವು ಮಣ್ಣುಪಾಲು, ಹೇಳದಿದ್ದರೆ ಲಕ್ಷ ಪಾವು ಅವಳ ಹೆಸರಲ್ಲಿ ಊರೂರು ಸುತ್ತುತ್ತವೆ. ನೀರು ಕುಡಿದಳು, ನೀರಿಗೂ ತೌಡಿನ ವಾಸನೆ, ಈ ಗಿರಣಿಯಲ್ಲಿ ಯಾವುದಕ್ಕೆ ತೌಡಿನ ವಾಸನೆಯಿಲ್ಲ ಹೇಳಿ — ಇದೇ ಕೋಣೆ, ಇದೇ ಕುರ್ಚಿ, ಬೇಸಿಗೆಯಲ್ಲಿ ಇದೇ ಚನ್ನವೀರ ಹೇಳಿದ್ದ, ಪಾವು ಇಟ್ಟು ನೋಡಾಕ ಮೂವತ್ತು ಮನಿ ಸಾಕಲ್ರಿ ಮೇಡಂ, ನಮ್ಮ ಬೀಗರ ಮನಿ ಅವ, ದೋಸ್ತರ ಮನಿ ಅವ, ಫೋನ್ ಹಚ್ಚಿ ಕೇಳಿದ್ರ ಆತು, ಅವಳು ಎದ್ದು ನಿಂತೇ ಕೇಳಿದ್ದಳು, ಬೀಗರು ನಿಮ್ಮ ಅಕ್ಕಿ ಚಲೋ ಇಲ್ಲ ಅಂತ ಬಾಯಿ ಬಿಟ್ಟು ಹೇಳ್ತಾರೇನ್ರಿ? ಸಾವ್ಕಾರರು ಹೊಟ್ಟೆ ಕುಣಿಸಿ ನಕ್ಕಿದ್ದರು, ಆಗಲೇ ಅವಳಿಗೆ ಧೈರ್ಯ ಬಂದದ್ದು. ಪಾವು ಇರುವ ಚೀಲ ನಾನೂರು ಮನೆಗೆ, ಇಲ್ಲದ್ದು ನಾನೂರು ಮನೆಗೆ, ಯಾವ ಮನೆಗೆ ಯಾವುದು ಎಂಬುದು ಚೀಟಿ ಎತ್ತಿ. ಯವ್ವಾ, ನಾನೂರು ಅಂದ್ರ ಬಾಳ ಆತಲ್ಲ, ಎಂದಿದ್ದರು ಸಾವ್ಕಾರರು. ಬಾಳ ಇಲ್ರಿ, ಬೇಕಾದಷ್ಟ ಅದ — ನೂರಕ್ಕೆ ನಲವತ್ತು ಮನೆ ಹೇಗೂ ತಿರುಗಿ ಬರುತ್ತವೆ, ಪಾವಿನಿಂದ ಅದು ಐವತ್ತಾದರೂ ಆಗಬೇಕು, ಇಲ್ಲದಿದ್ದರೆ ಪಾವು ದಂಡ, ಆ ಹತ್ತನ್ನು ಮೂವತ್ತು ಮನೆಯಲ್ಲಿ ಹುಡುಕಿದರೆ ಸಿಕ್ಕಿತೇ, ಒಂದು ಮನೆಯಲ್ಲಿ ಮದುವೆ ಎದ್ದಿತು, ಇನ್ನೊಂದು ಮನೆಯವರು ದುಡಿಯಲು ಪುಣೆಗೆ ಹೋದರು, ಅಷ್ಟಕ್ಕೇ ಲೆಕ್ಕ ಬುಡಮೇಲು, ನಾನೂರಾದರೆ ಮದುವೆ, ಪುಣೆ, ಮುನಿಸು ಎಲ್ಲ ಎರಡೂ ಕಡೆ ಹೆಚ್ಚುಕಡಿಮೆ ಸಮ ಹಂಚಿಹೋಗುತ್ತವೆ, ಉಳಿಯುವುದು ಪಾವಿನದು ಮಾತ್ರ. ಎಂಥ ಮಾತಾಡಿದ್ದಳು ಅವತ್ತು! ಸಾವ್ಕಾರರು ಮೀಸೆ ತಿರುವಿ, ಈಕಿ ಹೇಳಿದಂಗ ಆಗ್ಲಿ, ಅಂದುಬಿಟ್ಟರು, ರಾಯಚೂರು, ದೇವದುರ್ಗ, ಮಾನ್ವಿ, ಮೂರು ಊರು.

ಮಾನ್ವಿ. ಅಲ್ಲಿ ಈ ಗಿರಣಿಯ ಅಕ್ಕಿ ಮೊದಲಿನಿಂದಲೂ ಮಾರುವುದು ಅವಳ ತಂದೆ, ಅಬ್ಬಾ ವಲಿ ಪಾಷಾನ ಕಿರಾಣಿ ಅಂಗಡಿಯಲ್ಲೇ, ಅಬ್ಬಾ ಬಿಡಿ, ಗಿರಾಕಿ ಕೇಳಿದ್ದು ಕೊಡುವುದು ಬಿಟ್ಟರೆ ಬಾಯಿ ತೆರೆಯುವವರಲ್ಲ, ಆದ್ದರಿಂದ ನಿಶ್ಚಿಂತೆ ಅಂದುಕೊಂಡಿದ್ದಳು, ಅಬ್ಬಾನ ಮೊಣಕಾಲು ಬಾತು ಅಮ್ಮಿ ಬಂದು ದುಡ್ಡಿನ ಗಲ್ಲೆಯ ಮುಂದೆ ಕೂತದ್ದು ಯಾವ ಲೆಕ್ಕದಲ್ಲಿತ್ತು! ಮೊನ್ನೆ ಫಲಿತಾಂಶವನ್ನು ಮೂರು ಊರಾಗಿ ಬಿಡಿಸಿ ನೋಡಿದಳು, ರಾಯಚೂರಿನಲ್ಲಿ ಪಾವು ಇದ್ದರೂ ನಲವತ್ತು ಇಲ್ಲದಿದ್ದರೂ ನಲವತ್ತು, ದೇವದುರ್ಗದಲ್ಲೂ ಹಾಗೇ, ಮಾನ್ವಿಯಲ್ಲಿ ಪಾವು ಸಿಕ್ಕ ನೂರಾ ಮೂವತ್ತು ಮನೆಯಲ್ಲಿ ನೂರಕ್ಕೆ ತೊಂಬತ್ತು — ಯಾವ ಪಾವೂ ಇಂಥ ಮಾಯ ಮಾಡುವುದಿಲ್ಲ. ನಿನ್ನೆ ಬೆಳಿಗ್ಗೆ ಮಾನ್ವಿಯ ಬಸ್ಸು ಹತ್ತಿದಳು, ಓಣಿಯ ತಿರುವಿನಲ್ಲೇ ಸುನಂದಕ್ಕ ಸಿಕ್ಕಳು, ಏನ್ ಬೇ ತಹಸೀನ, ನಿಮ್ಮವ್ವ ಹೇಳ್ಯಾಳ, ನಾವು ಬಿಡಾಕ ಆಗ್ತದೇನು, ಪಾವು ಬಂದವ್ರು ಬ್ಯಾರೆ ಅಕ್ಕಿ ತಗೊಂಡ್ರ ನನ್ನ ಮಗಳ ಮಾನ ಹೋಗ್ತದ ಅಂದಾಳ. ಅಂಗಡಿ ಮುಂದೆ ಅಮ್ಮಿ, ಉಮ್ಮೇ ಕುಲ್ಸುಮ್, ಸೆರಗು ತಲೆಯ ಮೇಲೆ, ಗಿರಾಕಿಯೊಬ್ಬಳ ಎದುರು ಅಕ್ಕಿಚೀಲದ ಮೇಲೆ ಅಂಗೈ ಬಡಿಯುತ್ತಿದ್ದಾಳೆ, ಮಗುವಿನ ಬೆನ್ನು ತಟ್ಟಿದ ಹಾಗೆ, ಇದು ನಮ್ಮ ತಹಸೀನಂದ್ರಿ, ಪಾವು ಇಡೂ ಇಚಾರ ಆಕಿದ — ಹೊಳೆವ ಪಾವನ್ನು ತಾನೇ ಮೊದಲ ದಿನ ಮನೆಗೆ ಒಯ್ದು ಅಮ್ಮಿಯ ಕೈಗೆ ಕೊಟ್ಟಿದ್ದಳಲ್ಲ. ಬೈಯಬೇಕೆಂದೇ ಹೋದವಳು, ಆ ಅಂಗೈ ನೋಡಿ ಉಬ್ಬಿ ಹೋದಳು ಎನ್ನಬೇಕು, ಯಾವ ತಾಯಿ ಮಾಡ್ಯಾಳು ಹೀಗೆ, ಅಂಗಡಿಗೆ ಬಂದವರನ್ನೆಲ್ಲ ಮಗಳ ಕಡೆ ತಿರುಗಿಸಿಬಿಟ್ಟಳಲ್ಲ, ಮಗಳ ಪಾವಿನ ಪರೀಕ್ಷೆಯನ್ನೂ ಜೊತೆಗೇ ಕೆಡಿಸಿದಳು.

ಏನಂತೀ ಯವ್ವಾ, ಆರ್ಡರ್ ಕೊಡೂಣಾ? ಸಾವ್ಕಾರರು ಕೇಳುತ್ತಿದ್ದಾರೆ, ಪಾವಿನ ಬೆಳಕು ಈಗ ಅವರ ಮೀಸೆಯ ಮೇಲೆ, ಎದ್ದಳು, ಮೂವತ್ತು ಮನೆಯ ಬೀಗರನ್ನು ಹಳಿದವಳು ತನ್ನ ಅಮ್ಮಿಯನ್ನು ಮುಚ್ಚಿಟ್ಟರೆ ಅದೆಂಥ ಲೆಕ್ಕ, ಬ್ಯಾಡ್ರಿ ಸಾವ್ಕಾರ್ರ, ಎಂದಳು, ದನಿ ಗಿರಣಿಯ ಸದ್ದಿನ ಮೇಲೆ ಏರಿತು, ಐವತ್ತಾರು ಪಾವಿಂದಲ್ಲ, ನಮ್ಮ ಅಮ್ಮಿದು, ಆಮೇಲೆ ಎಲ್ಲ ಹೇಳಿದಳು, ಮಾನ್ವಿ, ಗಲ್ಲೆ, ಸುನಂದಕ್ಕ, ಅಂಗೈ, ಒಂದನ್ನೂ ಬಿಡಲಿಲ್ಲ. ಚನ್ನವೀರನ ಮುಖ ಸುಟ್ಟ ಬದನೆಕಾಯಿ. ಅಲ್ರಿ ಮೇಡಂ, ಮಾನ್ವ್ಯಾಗ ನೂರಾ ಹದಿನೇಳು ಮನಿ ಖರೇನ ತಗೊಂಡಾವಲ್ಲ? ತಗೊಂಡಾವ್ರಿ, ಆದ್ರ ಅವು ನೂರಾ ಹದಿನೇಳು ಮನಸಲ್ಲ, ಎಲ್ಲಾರ ಮನಸ್ಸನ್ನೂ ಒಬ್ಬಾಕಿನ ಮಾಡ್ಯಾಳ, ಲೆಕ್ಕಕ್ಕ ಮಾನ್ವಿ ಅಂದ್ರ ಒಂದ ಮನಿ — ಪರದೆಯ ಪಕ್ಕದ ಬಿಳಿ ಹಲಗೆಯ ಮೇಲೆ ಬರೆದೇ ಬಿಟ್ಟಳು, ಮಾನ್ವಿ, ಒಂದು, ಅಕ್ಷರ ಸೊಟ್ಟ ಆಗಲಿಲ್ಲ, ನೋಡಿಕೊಳ್ಳಲಿ ಬೇಕಾದವರು. ಉಳಿದದ್ದು ಎರಡು ಊರು, ನಾನೂರಕ್ಕೆ ಸಾಲದು, ಮಾನ್ವಿ ಬದಲಿಗೆ ಅರಕೇರಾ, ಕಲ್ಮಲ, ಮಟಮಾರಿ, ನನ್ನ ಬಂಧು ಬಳಗ ಒಬ್ಬರೂ ಇಲ್ಲದಲ್ಲಿ ಹೊಸದಾಗಿ ಮಾಡಬೇಕ್ರಿ. ಸಾವ್ಕಾರರು ಪಾವನ್ನು ಎತ್ತಿ ತಿರುವಿ ನೋಡುತ್ತಿದ್ದಾರೆ, ಹೋಯಿತು ಕೆಲಸ, ಹೋದರೆ ಹೋಗಲಿ — ಒಮ್ಮೆಲೇ ಅವರ ಹೊಟ್ಟೆ ಕುಣಿಯಿತು, ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಲೇ ಚನ್ನವೀರ, ಆರ್ಡರ್ ನಿಲ್ಸು, ಅರಕೇರಾಕ್ಕ ಗಾಡಿ ಹಚ್ಚು, ಯವ್ವಾ, ನಿಮ್ಮ ಅಮ್ಮಿಗೆ ನಂದೊಂದು ಸಲಾಮ್ ಹೇಳು, ಇಂಥಾ ಗಿರಾಕಿ ನನಗ ಲಕ್ಷ ಪಾವಿಗೂ ಸಿಗಂಗಿಲ್ಲ.

ಮೆಟ್ಟಿಲ ಹತ್ತಿರ ಫೋನು ಅದುರಿತು, ಅಮ್ಮಿಯೇ, ಕಾದು ಕೂತಿದ್ದಾಳೆ, ಕ್ಯಾ ಬೇಟಾ, ಮಾನ್ವಿಯದು ಎಷ್ಟು ಬಂತು? ಒಂದು, ಎಂದಳು. ಏಕಿಚ್? ಅಮ್ಮಿಯ ದನಿ ಇಳಿದುಹೋಯಿತು, ಒಂದೇನಾ, ನಾನು ಅಷ್ಟೂ ಮನೆಗೆ ಹೇಳಿದ್ದೆನಲ್ಲ — ಹೌದು ಅಮ್ಮಿ, ಒಂದೇ, ನೀನೇ, ಎನ್ನಬೇಕು, ವಿವರಿಸಬೇಕು, ಸಲಾಮ್ ಮುಟ್ಟಿಸಬೇಕು, ಕಣ್ಣ ಮುಂದೆ ಮಾತ್ರ ಅದೇ ಅಂಗೈ, ಅಕ್ಕಿಯ ಧೂಳು ಮೆತ್ತಿದ ಅಂಗೈ, ಚೀಲದ ಮೇಲೆ ಬಡಿಯುತ್ತಿದೆ, ಇದು ನಮ್ಮ ತಹಸೀನಂದ್ರಿ, ಮತ್ತೆ ಬಡಿಯುತ್ತಿದೆ, ಆ ಅಂಗೈ.