ಯಂತ್ರದ ಜೊತೆ ಕಬ್ಬಿಣ ಇಡಬಾರದು

1

ನಿನ್ನೆಯೇ ಹೊಳೆಗೆ ಹಾಕಿಬಿಡಬೇಕಿತ್ತು. ಈಗ ಇವನ್ನು ಎಲ್ಲಿಡುವುದು? ಯಂತ್ರದ ಚೀಲದಲ್ಲಂತೂ ಆಗದು. ಹಿತ್ತಿಲಿಗೆ ಎಸೆಯೋಣವೆಂದರೆ ಜಗದಾಂಬಾ ಅಲ್ಲೇ ಓಡಾಡುತ್ತಾಳೆ. ಜೇಬಿನಲ್ಲಿಟ್ಟುಕೊಂಡರೆ ಜೇಬು ಜೋತುಬಿದ್ದು, ಏನದು ಎಂದು ಅವಳೇ ಕೇಳುತ್ತಾಳೆ. ಅಲ್ಲ, ಇಷ್ಟೇಕೆ ಯೋಚಿಸುತ್ತಿದ್ದೇನೆ? ಮೊಳೆ ಅಂದರೆ ಮೊಳೆ.

ಕಥೆಯನ್ನು ಹೀಗೆ ಶುರು ಮಾಡಬಹುದೇ? ಮುನ್ಸೂಚನೆಯಿಲ್ಲದೆ ನಿಮ್ಮನ್ನು ಯಾರದೋ ತಲೆಯೊಳಗೆ ನೂಕುವುದು ಮರ್ಯಾದೆಯಲ್ಲ, ಗೊತ್ತು. ಆದ್ದರಿಂದ ಈಗಲಾದರೂ ಪರಿಚಯ ಮಾಡಿಸುತ್ತೇನೆ. ಇವನು ಏಕಾಂತಪ್ಪ. ಊರು ಶಿವಮೊಗ್ಗ, ಇಸವಿ 1946. ಯುದ್ಧದಲ್ಲಿ ನೆಲದೊಳಗೆ ಹೂತಿಟ್ಟ ಸಿಡಿಮದ್ದುಗಳನ್ನು ಹುಡುಕುವ ಪಡೆಯಲ್ಲಿದ್ದು ಊರಿಗೆ ಮರಳಿದ್ದಾನೆ. ಸೈನ್ಯ ಹರಾಜಿಗೆ ಹಾಕಿದ ಹಳೇ ಸಾಮಾನಿನಲ್ಲಿ ಅದೇ ಯಂತ್ರವೊಂದನ್ನು ಕೊಂಡು ತಂದಿದ್ದಾನೆ. ಉದ್ದ ಕೋಲು, ಅದರ ತುದಿಗೆ ಊಟದ ತಟ್ಟೆಯಷ್ಟು ಅಗಲದ ಬಿಲ್ಲೆ, ಬ್ಯಾಟರಿ ಪೆಟ್ಟಿಗೆ, ಕಿವಿಗೆ ಹಾಕುವ ಹೆಡ್‌ಫೋನು. ಬಿಲ್ಲೆಯ ಕೆಳಗೆ ಕಬ್ಬಿಣವಿದ್ದರೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ.

(ಮೊದಲ ಕರಡಿನಲ್ಲಿ ಅವನ ಮನೆಯನ್ನು ಊರಂಚಿನ ಗೋಪಾಳ ಬಡಾವಣೆಯಲ್ಲಿ ಇಟ್ಟಿದ್ದೆ. ‘ಸಾರ್, ಅಲ್ಲಿ ಈಗಿನ್ನೂ ಬಡಾವಣೆ ಎಲ್ಲಾಗಿದೆ? ಬಸುರಿ ಹೆಂಡ್ತೀನ ಹೊಲದ ಮಧ್ಯೆ ಕೂರಿಸ್ಲಾ?’ ಎಂದು ಏಕಾಂತಪ್ಪನೇ ಬಂದು ನನ್ನನ್ನು ಕೇಳಿದ. ಮನೆಯನ್ನು ಎತ್ತಿ ಬಜಾರಿನ ಹಿಂದಿನ ಬೀದಿಯಲ್ಲಿ ಇಟ್ಟೆ. ಗಾಡಿಯೂ ಇಲ್ಲದೆ ಮನೆ ಬದಲಿಸುವ ಅನುಕೂಲ ನಮ್ಮ ಕಸುಬಿನಲ್ಲಿ ಮಾತ್ರ.)

2

ಮೊಳೆಗಳು ಬಂದದ್ದು ಸಾಮಿಲ್ಲಿನಿಂದ. ಊರಾಚೆಯ ಓಂಕಾರಪ್ಪನವರ ಮಿಲ್ಲಿನಲ್ಲಿ ಗರಗಸ ದಿಮ್ಮಿಯೊಳಗಿನ ಯಾವುದೋ ಕಬ್ಬಿಣಕ್ಕೆ ತಗುಲಿ, ಮುರಿದು, ಒಬ್ಬ ಆಳಿನ ತೋಳು ಸೀಳಿತ್ತು. ಪ್ರತಿ ದಿಮ್ಮಿಯನ್ನೂ ನೋಡಿಕೊಟ್ಟ ಮೇಲೇ ಗರಗಸಕ್ಕೆ ಕೈ ಹಾಕುತ್ತೇವೆಂದು ಆಳುಗಳು ಕೂತುಬಿಟ್ಟರು. ಏಕಾಂತಪ್ಪನಿಗೆ ಕರೆ ಬಂತು.

ಒಂದು ಮತ್ತಿ ಮರದ ದಿಮ್ಮಿಯ ಮೇಲೆ ಯಂತ್ರ ಕೂಗಿತು. ಗರಗಸದ ಭೂತಪ್ಪ ಉಳಿ ಹಿಡಿದು ತೊಗಟೆ ಕೆತ್ತಿದ. ಮರವೇ ಬೆಳೆದು ನುಂಗಿಕೊಂಡಿದ್ದ ಹಳೇ ಮೊಳೆಗಳು ಕಂಡವು. ಅವನು ಉಳಿ ಕೆಳಗಿಟ್ಟು ಹಿಂದೆ ಸರಿದ.

‘ಇದು ಬೇಲಿ ಮೊಳೆ ಅಲ್ಲ ಮಾರಾಯ್ರೇ. ದೆವ್ವ ಕಟ್ಟಿದ್ದು.’

‘ಹೆಂಗೆ ಗೊತ್ತಾಯ್ತು ನಿಂಗೆ?’

‘ಪಕ್ಕದಲ್ಲಿ ಬಳೆ ಚೂರು ಕಾಣ್ಸಲ್ವಾ? ಹೆರಿಗೇಲಿ ಹೋದೋಳು ಬೇರೆ ಬಾಣಂತೀರ ತಂಟೆಗೆ ಬರಬಾರ್ದು ಅಂತ ಹಿಂಗೆ ಮರಕ್ಕೆ ಹೊಡೀತಾರೆ ನಮ್ ಕಡೆ.’

ಓಂಕಾರಪ್ಪನವರು ದೂರದಿಂದಲೇ ಗದರಿದರು. ‘ಭೂತಪ್ಪ ಅಂತ ಹೆಸರಿಟ್ಕೊಂಡು ದೆವ್ವಕ್ಕೆ ಹೆದರ್ತೀಯಲ್ಲೋ! ಕೀಳೋ ಅತ್ಲಾಗೆ.’

‘ಅಪ್ಪ ಹೆಸರು ಇಟ್ಟ ಸಾಹುಕಾರ್ರೇ, ಧೈರ್ಯ ಇಡ್ಲಿಲ್ಲ. ನೀವೇ ಬಂದು ಕೀಳಿ.’

ಸಾಹುಕಾರರಿಗೆ ಆ ಹೊತ್ತಿಗೇ ಆಫೀಸಿನೊಳಗೆ ಏನೋ ಕೆಲಸ ನೆನಪಾಯಿತು. ಏಕಾಂತಪ್ಪ ನಕ್ಕು, ಇಕ್ಕಳ ತೆಗೆದುಕೊಂಡು ತಾನೇ ಕಿತ್ತ. ಬಳೆ ಚೂರು ಮರದ ಹೊಟ್ಟಿನೊಳಗೆ ಉದುರಿ ಕಾಣದಾಯಿತು. ಮೊಳೆಗಳನ್ನು ಮಿಲ್ಲಿನಲ್ಲಿ ಬಿಡಲು ಭೂತಪ್ಪ ಒಪ್ಪಲಿಲ್ಲ. ‘ಕಿತ್ತೋರೇ ಹೊಳೆಗೆ ಹಾಕ್ಬೇಕು. ನೀವು ಮಿಲಿಟ್ರಿಯೋರು, ನಿಮ್ಗೆ ದೆವ್ವಾನೂ ಸಲಾಂ ಹೊಡೀತದೆ. ನಮ್ಗೆ ಹೊಡಿಯೋದು ಬೇರೆ.’

ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಏಕಾಂತಪ್ಪ ತುಂಗೆಯ ಕಡೆ ಹೊರಟದ್ದು ನಿಜ. ಆದರೆ ಆ ಯಂತ್ರ ಹೆಗಲಲ್ಲಿದ್ದರೆ ಅವನ ಹಿಂದೆ ಯಾವಾಗಲೂ ನಾಲ್ಕು ಜನ. ‘ಏಕಾಂತಣ್ಣ, ನಮ್ ಹಿತ್ಲಲ್ಲೂ ಒಂದ್ಸಲ ಆಡ್ಸು. ನಮ್ ತಾತ ಚಿನ್ನ ಹೂತಿದ್ನಂತೆ.’ ಇಂಥವರ ಎದುರು ಅವನು ಹೊಳೆಗೆ ಏನಾದರೂ ಎಸೆದರೆ ಅರ್ಧ ಊರು ಮುಳುಗು ಹಾಕುತ್ತಿತ್ತು. ಮನೆಗೆ ಮರಳಿದ.

2 (ಇದನ್ನು ಮೊದಲೇ ಹೇಳಬೇಕಿತ್ತು)

ಅವನ ಹೆಂಡತಿ ಜಗದಾಂಬಾಗೆ ಇದು ಮೂರನೆಯ ಬಸಿರು. ಮೊದಲ ಎರಡು ಕೂಸುಗಳೂ ತೊಟ್ಟಿಲಿಗೆ ಹಾಕುವ ಮುಂಚೆಯೇ ಹೋದವು. ಎರಡನೆಯ ಸಲ ಏಕಾಂತಪ್ಪ ರಜೆಯಲ್ಲಿ ಊರಿಗೆ ಬಂದಿದ್ದ. ‘ರೀ, ಗಾಳಿ ಸೋಕದಂಗೆ ದಿಂಬಿನ ಕೆಳಗೆ ಇಡೋಕೆ ಒಂದು ಚೂರು ಕಬ್ಬಿಣ ತಂದ್ಕೊಡಿ’ ಎಂದು ಅವಳು ಕೇಳಿದಾಗ ಅವನು ನಕ್ಕಿದ್ದ. ‘ಕಬ್ಬಿಣ ಹುಡ್ಕಿ ತೆಗೆಯೋದು ನನ್ನ ಕೆಲಸ ಕಣೇ, ದಿಂಬಿನ ಕೆಳಗೆ ಬಚ್ಚಿಡೋದಲ್ಲ.’ ಕೂಸು ಹೋದ ಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಇಬ್ಬರೂ ಎತ್ತದ ಮಾತು ಮನೆಯಲ್ಲಿ ಮೂರನೆಯವರಂತೆ ಊಟಕ್ಕೆ ಕೂರುತ್ತಿತ್ತು.

ಈಗ ಅವಳನ್ನು ಹೆರಿಗೆಗೆ ಭದ್ರಾವತಿಯ ತವರಿಗೆ ಕರೆದೊಯ್ಯಬೇಕು. ಅಲ್ಲೊಂದು ಸಾಮಿಲ್ಲಿನವರೂ ಕರೆದಿದ್ದರಿಂದ ಯಂತ್ರವೂ ಜೊತೆಗೆ ಹೊರಟಿತು. ಬಿಲ್ಲೆಗೆ ಅವಳ ಹಳೇ ಸೀರೆ ಸುತ್ತಿದ. ಕೋಲು ಬಿಚ್ಚಿ ಹಾಸಿಗೆ ಸುರುಳಿಯ ನಡುವೆ ಸೇರಿಸಿದ. ಬ್ಯಾಟರಿಯನ್ನು ಹುಲ್ಲು ಹಾಸಿದ ಬುಟ್ಟಿಯಲ್ಲಿ ಕೂರಿಸಿದ. ಮೊಳೆಯ ಗಂಟು ಉಳಿಯಿತು. ಯಂತ್ರದ ಜೊತೆ ಕಬ್ಬಿಣ ಇಡಬಾರದು ಎಂದು ಹವಾಲ್ದಾರ ಅವನಿಗೆ ಬೈದು ಕಲಿಸಿದ್ದ. ಚೀಲದೊಳಗೆ ಒಂದು ಚಾಕು ಉಳಿದರೂ ಸಾಕು, ಕಿವಿಗೆ ಬಂದ ಸದ್ದು ಚೀಲದ್ದೋ ನೆಲದ್ದೋ ತಿಳಿಯುವುದಿಲ್ಲ, ತಿಳಿಯದವನು ಉಳಿಯುವುದಿಲ್ಲ. ಯುದ್ಧ ಮುಗಿದಿತ್ತು. ಬೈಗುಳ ಮುಗಿದಿರಲಿಲ್ಲ.

ಹಾಗಾಗಿ ಮೊಳೆಗಳನ್ನು ಬಾಣಂತಿಗೆಂದು ಕಟ್ಟಿದ್ದ ಬಟ್ಟೆಯ ಗಂಟಿನೊಳಗೆ ತೂರಿಸಿದ. ತುಂಗೆಯ ರೈಲು ಸೇತುವೆ ಬರುವ ತನಕ ಮಾತ್ರ, ಎಂದುಕೊಂಡ.

4

ಮೂರು ಎಲ್ಲಿ ಎಂದು ಕೇಳುತ್ತೀರಿ. ಹರಿದುಹಾಕಿದೆ. ಮೂರರಲ್ಲಿ ಆ ಮೊಳೆಯ ಹೆಂಗಸು ಜಗದಾಂಬಾಳ ಸ್ವಂತ ಚಿಕ್ಕಮ್ಮನೇ ಆಗಿದ್ದಳು. ಇಡೀ ಮಲೆನಾಡಿನ ಮರಗಳಲ್ಲಿ ಇವರ ಮನೆಯದೇ ಮರ ಬಂದು ಆ ಮಿಲ್ಲಿನಲ್ಲಿ ಬೀಳುವುದು ಕಥೆ ಬರೆಯುವವರ ಸೋಮಾರಿತನ. ಅವಳು ಯಾರೋ, ಹೆಸರೇನೋ, ಯಾರಿಗೂ ಗೊತ್ತಿಲ್ಲ. ಬರೆಯುವ ನನಗೂ ಗೊತ್ತಿಲ್ಲ.

ರೈಲಿನಲ್ಲಿ ಎದುರು ಕೂತ ಅಜ್ಜಿಯೊಬ್ಬಳು ಎಲೆಗೆ ಸುಣ್ಣ ಸವರುತ್ತ, ಸೀರೆ ಸುತ್ತಿದ ಬಿಲ್ಲೆಯನ್ನೂ ಹಾಸಿಗೆ ಸುರುಳಿಯಿಂದ ಇಣುಕುತ್ತಿದ್ದ ಕೋಲನ್ನೂ ನೋಡಿದಳು.

‘ಏನಪ್ಪ ಅದು, ಮದುವೆ ಮನೆ ಜಾಲರಿ ಸೌಟಾ?’

‘ಅಲ್ಲಜ್ಜಿ, ಕಬ್ಬಿಣ ಹುಡ್ಕೋ ಯಂತ್ರ.’

‘ಎಲ್ಲಿಗೆ ಹೊರಟಿದೀಯ?’

‘ಭದ್ರಾವತಿಗೆ.’

‘ಕಬ್ಬಿಣ ಹುಡ್ಕೋಕೆ ಭದ್ರಾವತಿಗಾ! ನೀರು ಹುಡ್ಕೋಕೆ ಹೊಳೆಗೆ ಹೋದಂಗಾಯ್ತಲ್ಲೋ ಮಾರಾಯ. ಅಲ್ಲಿ ಕಾರ್ಖಾನೆ ಗೇಟಲ್ಲಿ ಕೇಳು, ಯಂತ್ರ ಇಲ್ದೇನೇ ತೋರಿಸ್ತಾರೆ.’

ಡಬ್ಬಿಯೆಲ್ಲ ನಕ್ಕಿತು. ಜಗದಾಂಬಾ ನಕ್ಕು ನಕ್ಕು ಬಟ್ಟೆ ಗಂಟಿನ ಮೇಲೆ ಒರಗಿದಳು. ಆಗಲೇ ಸೇತುವೆಯ ಸದ್ದು ಶುರುವಾಯಿತು.

‘ಆ ಗಂಟು ಇತ್ಲಾಗೆ ಕೊಡು.’

‘ಇರ್ಲಿ ಬಿಡ್ರಿ, ಸೊಂಟಕ್ಕೆ ಮೆತ್ತಗಿದೆ.’

(ಒಂದು ಕರಡಿನಲ್ಲಿ ರೈಲನ್ನು ಸೇತುವೆಯ ಮೇಲೆಯೇ ನಿಲ್ಲಿಸಿದ್ದೆ, ಪಾಪ, ಅವನಿಗೆ ಇನ್ನೊಂದು ಅವಕಾಶ ಸಿಗಲಿ ಎಂದು. ಅವನು ಗಂಟನ್ನು ಮತ್ತೆ ಕೇಳಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳು ನಗುತ್ತಿದ್ದಳು. ರೈಲನ್ನು ಬಿಟ್ಟುಬಿಟ್ಟೆ.)

5

ಭದ್ರಾವತಿಯ ಹಳೇನಗರದಲ್ಲಿ ಅತ್ತೆ ಕಾಶಮ್ಮನ ಮನೆ. ಏಕಾಂತಪ್ಪ ಜಗಲಿಯಲ್ಲಿ ಯಂತ್ರವನ್ನು ಇಳಿಸುವಷ್ಟರಲ್ಲಿ ಒಳಗೆ ಗಂಟು ಬಿಚ್ಚಿಯಾಗಿತ್ತು. ಕಾಶಮ್ಮ ಕರವಸ್ತ್ರ ಹಿಡಿದು ಹೊರಗೆ ಬಂದಳು.

‘ಅಳಿಯಂದ್ರೇ, ಇದೇನಿದು?’

ಅವನು ಬಾಯಿ ತೆರೆದ. ಅವಳು ಕಾಯಲಿಲ್ಲ.

‘ಶಿವನೇ, ದಿಂಬಿನ ಕೆಳಗಿಡೋಕೆ ಅಂತ ನಾನು ಹಳೇ ಕುಡುಗೋಲಿಗೆ ಅಟ್ಟವೆಲ್ಲ ತಡಕಾಡ್ತಾ ಇದ್ರೆ ನೀವೇ ನೆನಪಿಟ್ಟು ತಂದಿದೀರಲ್ಲ! ನೋಡೇ ಜಗದಾಂಬಾ, ಗಂಡಸ್ರಿಗೂ ಬುದ್ಧಿ ಬರ್ತದೆ. ಸ್ವಲ್ಪ ತಡ, ಅಷ್ಟೇ.’

ಜಗದಾಂಬಾ ಬಾಗಿಲಿಗೆ ಕೈಯಾನಿಸಿ ನಿಂತಿದ್ದಳು.

‘ನೀವೇ ತಂದ್ರಾ?’

‘ಹೂಂ.’

‘ಹೋದ್ಸಲ ನಕ್ಕಿದ್ರಿ.’

‘ಹೂಂ.’

ಅವಳು ಅಮ್ಮನ ಕೈಯಿಂದ ಕರವಸ್ತ್ರ ತೆಗೆದುಕೊಂಡಳು. ಮೊಳೆಗಳನ್ನು ಕೈಯಾರೆ ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು. ಆ ಮಧ್ಯಾಹ್ನ ಅವಳಿಗೆ ಬಂದದ್ದು ಎಂಥ ನಿದ್ದೆಯೆಂದರೆ, ಕಾಶಮ್ಮ ಪಕ್ಕದ ಮನೆಯ ಒಳಕಲ್ಲಿನ ಸದ್ದನ್ನೂ ಹೋಗಿ ನಿಲ್ಲಿಸಿ ಬಂದಳು.

‘ಸಾರ್, ಆ ಹೂಂ ನನ್ನ ಬಾಯಲ್ಲಿ ಯಾಕೆ ಹಾಕಿದ್ರಿ?’ ಏಕಾಂತಪ್ಪ ನನ್ನನ್ನು ಹಿಡಿದುಕೊಂಡ.

‘ನಾನು ಆ ಜಾಗ ಖಾಲಿ ಬಿಟ್ಟಿದ್ದೆ. ನೀನೇ ಅಂದದ್ದು.’

‘ನಾನು ದೆವ್ವ ಗಿವ್ವ ನಂಬೋನಲ್ಲ.’

‘ಹಾಗಾದರೆ ಹೇಳಿಬಿಡು. ಕಬ್ಬಿಣ ಕಬ್ಬಿಣವೇ.’

‘ಅವಳು ನಂಬ್ತಾಳಲ್ಲ ಸಾರ್. ಈಗ ಹೇಳಿದ್ರೆ ಮೊಳೆ ಅಷ್ಟೇ ಅಲ್ಲ, ನಾನು ತಂದ್ಕೊಟ್ಟೆ ಅನ್ನೋದನ್ನೂ ಕಿತ್ಕೊಂಡಂಗೆ ಆಗ್ತದೆ.’

‘ಮತ್ತೆ ನಿನಗೇನೂ ಹೆದರಿಕೆ ಇಲ್ಲವಲ್ಲ?’

ಅವನು ಎದ್ದು ಒಳಗಿನ ಬಾಗಿಲಿಗೆ ಹೋದ. ಯುದ್ಧದಲ್ಲಿ ಸಿಡಿಮದ್ದಿನ ಎದುರು ಮಂಡಿಯೂರಿ ಕೂತಿದ್ದವನು ಮಲಗಿದವಳ ಉಸಿರು ಎಣಿಸುವುದನ್ನು ನಾನು ನೋಡಿದೆ. ನೋಡಿಯೂ ಬರೆಯಬಾರದಿತ್ತು.

6

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ, ಜಗಳವಿಲ್ಲ.

ಅ) ಕಮ್ಮಾರನಿಂದ ಹೊಸ ಮೊಳೆ ತಂದು ಗುಟ್ಟಾಗಿ ಬದಲಿಸುತ್ತಾನೆ. (ಬರೆದೆ. ತಂದನು ಕೂಡ. ದಿಂಬಿನ ಹತ್ತಿರ ಹೋದರೆ ಅವಳ ಕೈ ನಿದ್ದೆಯಲ್ಲೂ ಕರವಸ್ತ್ರದ ಮೇಲಿತ್ತು. ಆ ಬೆರಳುಗಳನ್ನು ಬಿಡಿಸಲು ಅವನು ಒಪ್ಪಲಿಲ್ಲ, ನಾನೂ ಒತ್ತಾಯಿಸಲಿಲ್ಲ.)

ಆ) ಎಲ್ಲ ಹೇಳಿಬಿಡುತ್ತಾನೆ, ಅವಳು ನಕ್ಕು ಕ್ಷಮಿಸುತ್ತಾಳೆ. (ಇದು ಅವಳಿಗೆ ಮಾಡುವ ಅವಮಾನ. ಎರಡು ಕೂಸುಗಳನ್ನು ಮಣ್ಣಿಗಿಟ್ಟವಳು ನನ್ನ ಅನುಕೂಲಕ್ಕೆ ಯಾಕೆ ನಗಬೇಕು?)

ಇ) ಇದು ನಡೆದದ್ದು. ಒಂದು ಬೆಳಿಗ್ಗೆ ಅವಳೇ ಕರೆದಳು. ‘ರೀ, ಆ ಯಂತ್ರ ನಂಗೂ ಒಂದ್ಸಲ ಕೇಳಿಸ್ರೀ.’ ಅವನು ಹೆಡ್‌ಫೋನನ್ನು ಅವಳ ತುರುಬಿಗೆ ತಾಗದಂತೆ ಕಿವಿಗಿಟ್ಟು, ಬಿಲ್ಲೆಯನ್ನು ದಿಂಬಿನ ಹತ್ತಿರ ತಂದ. ಅವಳ ಕಣ್ಣು ಅರಳಿತು.

‘ಅಯ್ಯ, ಯಾರೋ ಹಾಡಿದಂಗೆ ಕೇಳ್ತದೆ!’

‘ಯಾರೂ ಇಲ್ಲ ಕಣೇ. ಬ್ಯಾಟರಿ.’ ಅವನ ದನಿ ತುಸು ಜೋರಾಯಿತು.

‘ನಾನೇನು ಇದಾರೆ ಅಂದ್ನಾ? ನೀವೇ ತಂದಿದ್ದಲ್ವಾ, ಅದ್ಕೆ ಇಂಪಾಗಿದೆ ಅಂದೆ.’

ಅವನು ಸ್ವಿಚ್ಚು ಆರಿಸಿದ.

7

ಕೂಸು ಬದುಕಿತೇ ಎಂಬುದು ನಿಮ್ಮ ಪ್ರಶ್ನೆ. ಗೊತ್ತು. ಇದೊಂದನ್ನು ನಾನು ಬರೆಯುವುದಿಲ್ಲ. ಬದುಕಿತು ಎಂದರೆ, ಸುಳ್ಳಾದರೇನು, ಕೆಲಸ ಮಾಡಿತಲ್ಲ ಎಂದು ಪುಸ್ತಕ ಮುಚ್ಚುತ್ತೀರಿ. ಇಲ್ಲ ಎಂದರೆ ಆ ಹೆಸರಿಲ್ಲದ ಹೆಂಗಸಿನ ತಲೆಗೆ ಇನ್ನೊಂದು ಸಾವು ಕಟ್ಟಿದಂತಾಗುತ್ತದೆ. ಅವಳಿಗೆ ಒಮ್ಮೆ ಮೊಳೆ ಹೊಡೆದದ್ದು ಸಾಕು.

ಆದ್ದರಿಂದ ನೋವು ಶುರುವಾದ ಬೆಳಿಗ್ಗೆಯಲ್ಲೇ ನಿಲ್ಲುತ್ತೇನೆ. ಸೂಲಗಿತ್ತಿ ಒಳಗೆ ಹೋಗಿದ್ದಾಳೆ. ಏಕಾಂತಪ್ಪ ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು ನಿಂತಿದ್ದಾನೆ. ಒಳಗಿನಿಂದ ಜಗದಾಂಬಾಳ ದನಿ, ಬಿಟ್ಟು ಬಿಟ್ಟು, ‘ರೀ... ಅಲ್ಲೇ ಇರ್ತೀರಲ್ಲ?’

‘ಇಲ್ಲೇ ಇದೀನಿ ಮಾರಾಯ್ತಿ. ಎಲ್ಲಿಗೂ ಹೋಗಲ್ಲ.’

ಆ ಮೊಳೆಗಳನ್ನು ಎಲ್ಲಿಂದ ಕಿತ್ತು ತಂದದ್ದೆಂದು ಏಕಾಂತಪ್ಪ ಅವಳಿಗೆ ಎಂದೂ ಹೇಳಲಿಲ್ಲ.